ಬೋರ್ಡಿನಲ್ಲಿ ‘ಡಾ.’ ಅಂತಿದ್ದರೆ ಸಾಕಾ?

ಪೆರ್ಲದವ: ನಮ್ಮ ಪೇಟೆಯ ಹೊಸ ಕ್ಲಿನಿಕ್‌ಗೆ ಅಮ್ಮನ ಮಂಡಿನೋವಿಗೆ ಹೋದೆವು. ಬಿಪಿ ನೋಡಲಿಲ್ಲ, ಏನೂ ಕೇಳಲಿಲ್ಲ, ಸೀದಾ ಇಂಜೆಕ್ಷನ್. ಚೀಟಿ ಅಂದರೆ ಕ್ಯಾಲೆಂಡರ್ ಹಾಳೆಯ ಹಿಂದೆ ಎರಡು ಮಾತ್ರೆ ಹೆಸರು. ಸೀಲಿಲ್ಲ. ನೋವು ಇಳಿದಿದೆ, ಹಾಗಾಗಿ ಅಮ್ಮನಿಗೆ ಅವರೇ ದೊಡ್ಡ ಡಾಕ್ಟ್ರು! ಅಸಲಿಯೋ ಅಲ್ವೋ, ತಿಳಿಯುವುದು ಹೇಗೆ?

ಬದಿಯಡ್ಕ ಮೆಡಿಕಲ್: ನೋಂದಣಿ ನಂಬರ್ ಕೇಳಿ. 2002ರ ನಿಯಮದ ಪ್ರಕಾರ ಅದು ಕ್ಲಿನಿಕ್‌ನಲ್ಲೂ ಚೀಟಿಯಲ್ಲೂ ರಶೀದಿಯಲ್ಲೂ ಇರಬೇಕು. ಅಂಗಡಿಗೆ ಬರುವ ಚೀಟಿಗಳ ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ, ಆದರೂ ಸೀಲಿನಲ್ಲಿ ನಂಬರ್ ಇರುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟ್‌ನಲ್ಲಿ ಹುಡುಕಬಹುದು. ನೋಂದಣಿ ಇಲ್ಲದೆ ಚಿಕಿತ್ಸೆ ಕೊಟ್ಟರೆ 2019ರ ಕಾಯ್ದೆಯಲ್ಲಿ 1 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಕುಂಬಳೆ ಅಜ್ಜಿ: ಆಯುರ್ವೇದ ಕಲಿತವರ ಪಟ್ಟಿ ಬೇರೆ ಮಾರಾಯ. ಅಲ್ಲಿ ಸಿಗಲಿಲ್ಲ ಅಂತ ಸುಮ್ನೆ ನಕಲಿ ಅನ್ನಬೇಡಿ.

ಪೆರ್ಲದವ: ಇವತ್ತು ಹೋಗಿ ಕೇಳಿದೆ. ಸೀಲು ಮಾಡಿಸಲು ಮಂಗಳೂರಿಗೆ ಕೊಟ್ಟಿದೆಯಂತೆ. “ನಂಬರ್ ಬಾಯಲ್ಲೇ ಹೇಳಿ” ಅಂದೆ. ಫೋನ್ ಬಂತು ಅಂತ ಒಳಗೆ ಹೋದರು. ಫೋನ್ ಮಾತ್ರ ಮೇಜಿನ ಮೇಲೇ ಇತ್ತು.