ಬೆಕ್ಕುಗಳ ಜೊತೆ ಮ್ಯೂನಿಕ್‌ಗೆ: ಆರು ತಿಂಗಳು ಕ್ವಾರಂಟೈನ್ ಇದೆಯಾ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಬೆಂಗಳೂರಿನ ವಿಜಯನಗರದವರು. ನಮ್ಮ ಯಜಮಾನರಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ, ಜನವರಿ 15ಕ್ಕೆ ಸೇರಿಕೊಳ್ಳಬೇಕು. ನಾನೂ ಜೊತೆಗೇ ಹೊರಡೋಣ ಅಂತಿದ್ದೇನೆ. ಮನೆಯಲ್ಲಿ ಎರಡು ಬೆಕ್ಕಿವೆ. ಚುಕ್ಕಿಗೆ ನಾಲ್ಕು ವರ್ಷ, ಪ್ರತಿ ವರ್ಷ ರೇಬೀಸ್ ಲಸಿಕೆ ತಪ್ಪದೆ ಹಾಕಿಸಿದ್ದೇವೆ. ಬೆಲ್ಲ ಐದು ತಿಂಗಳ ಮರಿ. ಜುಲೈ ಮಳೆಯಲ್ಲಿ ನಮ್ಮ ಸ್ಕೂಟರ್ ಕೆಳಗೆ ಒದ್ದೆಯಾಗಿ ಕೂತಿತ್ತು, ಎತ್ತಿಕೊಂಡು ಬಂದೆವು. ಅದಕ್ಕೆ ಅಕ್ಟೋಬರ್‌ನಲ್ಲಿ ಮೊದಲ ರೇಬೀಸ್ ಚುಚ್ಚುಮದ್ದು ಆಗಿದೆ. ಎರಡಕ್ಕೂ ಗುರುತಿನ ಮೈಕ್ರೋಚಿಪ್ ಹಾಕಿಸಿಲ್ಲ. ಫಾರಿನ್‌ನಲ್ಲಿ ಆರು ತಿಂಗಳು ಪಂಜರದಲ್ಲಿ ಇಡ್ತಾರೆ, ಸುಮ್ಮನೆ ಇಲ್ಲೇ ಯಾರಿಗಾದರೂ ಕೊಟ್ಟು ಹೋಗಿ ಅಂತ ನೆಂಟರೆಲ್ಲ ಹೇಳ್ತಿದ್ದಾರೆ. ಚುಕ್ಕಿ ರಾತ್ರಿ ನನ್ನ ಕಾಲ ಬಳಿಯಲ್ಲದೆ ಬೇರೆಲ್ಲೂ ಮಲಗಲ್ಲ. ಏನು ಮಾಡಲಿ?

ಉತ್ತರ: ಯಾರಿಗೂ ಕೊಡಬೇಡಿ ಮೇಡಂ. ಎರಡನ್ನೂ ಕರೆದುಕೊಂಡು ಹೋಗಬಹುದು. ಆದರೆ ಜನವರಿಯಲ್ಲಿ ಆಗುವುದಿಲ್ಲ.

ಆರು ತಿಂಗಳ ಮಾತು ಹುಟ್ಟಿದ್ದು ಬ್ರಿಟನ್‌ನಿಂದ. ಅಲ್ಲಿ 2000ದವರೆಗೂ ಹೊರಗಿನಿಂದ ಬಂದ ಬೆಕ್ಕು ನಾಯಿಗಳನ್ನು, ಭಾರತದಂಥ ದೇಶಗಳಿಂದ ಬಂದವನ್ನಂತೂ 2011ರ ಕೊನೆಯವರೆಗೂ, ಆರು ತಿಂಗಳು ಕೂಡಿಹಾಕುತ್ತಿದ್ದರು. ಕಾನೂನು ಹೋಯಿತು, ಮಾತು ಉಳಿದುಕೊಂಡಿತು. ಜರ್ಮನಿಯಲ್ಲಿ, ಅಂದರೆ ಯೂರೋಪಿಯನ್ ಯೂನಿಯನ್‌ನಲ್ಲಿ, ಕಾಗದಪತ್ರ ಸರಿಯಿದ್ದರೆ ಒಂದು ದಿನವೂ ಕ್ವಾರಂಟೈನ್ ಇಲ್ಲ. ಇಳಿದ ದಿನವೇ ಮನೆಗೆ ಕರೆದುಕೊಂಡು ಹೋಗಬಹುದು. ಕಾಯುವುದು ಇದೆ, ಆದರೆ ಅದು ನಿಮ್ಮ ಮನೆಯಲ್ಲೇ, ನಿಮ್ಮ ಕಾಲ ಬಳಿಯಲ್ಲೇ.

ರೇಬೀಸ್ ವಿಚಾರದಲ್ಲಿ ಭಾರತ ಅವರ ಸುರಕ್ಷಿತ ದೇಶಗಳ ಪಟ್ಟಿಯಲ್ಲಿಲ್ಲ. ಹಾಗಾಗಿ ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ, ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಪೂರ್ತಿ ಮೂರು ತಿಂಗಳು ಕಾದು ಪ್ರಯಾಣ. ಈ ಕ್ರಮ ಹಿಂದುಮುಂದಾದರೆ ಎಲ್ಲ ಮೊದಲಿನಿಂದ ಶುರು. ಚಿಪ್‌ಗಿಂತ ಮುಂಚೆ ಹಾಕಿಸಿದ ಲಸಿಕೆ ಅವರ ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಆ ಲಸಿಕೆ ಇದೇ ಬೆಕ್ಕಿಗೆ ಬಿದ್ದಿತ್ತು ಅನ್ನುವುದಕ್ಕೆ ಗುರುತೇ ಇಲ್ಲ.

ಇವತ್ತು ನವೆಂಬರ್ 8. ಹತ್ತನೇ ತಾರೀಕು ಎರಡಕ್ಕೂ ಚಿಪ್ ಹಾಕಿಸಿ, ಅಲ್ಲೇ ಕೂತು ಲಸಿಕೆಯನ್ನೂ ಹಾಕಿಸಿ. ಡಿಸೆಂಬರ್ 12ಕ್ಕೆ ರಕ್ತ ಕೊಡಿ. ಮಾರ್ಚ್ 12ಕ್ಕೆ ಮೂರು ತಿಂಗಳಾಗುತ್ತದೆ. ಮಾರ್ಚ್ 15ರ ನಂತರದ ಟಿಕೆಟ್ ನೋಡಿಕೊಳ್ಳಿ. ಯಜಮಾನರು ಮೊದಲು ಹೋಗಿ ಮನೆ ಹುಡುಕಲಿ, ನೀವು ಬೆಕ್ಕುಗಳ ಜೊತೆ ಹಿಂದಿನಿಂದ ಬನ್ನಿ.

ಪ್ರಶ್ನೆ: ಹಾಗಾದರೆ ಚುಕ್ಕಿಗೆ ಇಷ್ಟು ವರ್ಷ ಹಾಕಿಸಿದ್ದು, ಬೆಲ್ಲಕ್ಕೆ ಮೊನ್ನೆ ಹಾಕಿಸಿದ್ದು ಎಲ್ಲ ದಂಡವಾ? ಮತ್ತೆ ಹಾಕಿಸಿದರೆ ತೊಂದರೆ ಆಗಲ್ವಾ?

ಉತ್ತರ: ದಂಡ ಅಲ್ಲವೇ ಅಲ್ಲ. ಕಾಗದದ ಲೆಕ್ಕಕ್ಕೆ ಬರದಿದ್ದರೂ ಮೈಯಲ್ಲಿ ಅದು ಕೆಲಸ ಮಾಡಿದೆ. ಪರೀಕ್ಷೆಯಲ್ಲಿ ಪಾಸಾಗಲು ರಕ್ತದಲ್ಲಿ ರೇಬೀಸ್ ಪ್ರತಿಕಾಯ, ಅಂದರೆ ರೋಗದ ವಿರುದ್ಧ ಮೈ ತಯಾರಿಸುವ ರಕ್ಷಣೆ, ಮಿಲಿಲೀಟರ್‌ಗೆ 0.5 ಯೂನಿಟ್ ಅಥವಾ ಹೆಚ್ಚು ಇರಬೇಕು. ಮೊದಲ ಬಾರಿ ಒಂದೇ ಚುಚ್ಚುಮದ್ದು ಬಿದ್ದ ಮರಿಗಳು ಕೆಲವೊಮ್ಮೆ ಇದರಲ್ಲಿ ಫೇಲ್ ಆಗುತ್ತವೆ. ಬೆಲ್ಲಕ್ಕೆ ಈಗ ಬೀಳುವುದು ಎರಡನೆಯದು, ಬೂಸ್ಟರ್ ಇದ್ದ ಹಾಗೆ, ಪ್ರತಿಕಾಯ ಚೆನ್ನಾಗಿ ಏರುತ್ತದೆ. ಚುಕ್ಕಿಯ ಬಗ್ಗೆಯಂತೂ ನನಗೆ ಚಿಂತೆಯಿಲ್ಲ. ಆರೋಗ್ಯವಾಗಿರುವ ಬೆಕ್ಕಿಗೆ ಮತ್ತೆ ಹಾಕಿಸುವುದರಿಂದ ತೊಂದರೆ ಇಲ್ಲ. ಒಂದು ದಿನ ಮಂಕಾಗಿರಬಹುದು, ಅಷ್ಟೆ.

ಇನ್ನೊಂದು ಒಳ್ಳೆಯ ಸುದ್ದಿ: ಪಾಸಾದ ಮೇಲೆ ಮುಂದಿನ ಲಸಿಕೆಗಳನ್ನು ಅವಧಿ ಮುಗಿಯುವ ಮುಂಚೆಯೇ ಹಾಕಿಸುತ್ತಾ ಹೋದರೆ ಆ ರಿಪೋರ್ಟ್ ಜೀವನಪೂರ್ತಿ ನಡೆಯುತ್ತದೆ. ಒಂದು ದಿನ ತಪ್ಪಿದರೂ ಮತ್ತೆ ರಕ್ತ, ಮತ್ತೆ ಮೂರು ತಿಂಗಳು.

ಚಿಪ್ ಹಾಕಿಸುವಾಗ ನೀವು ಪಕ್ಕದಲ್ಲೇ ನಿಲ್ಲಿ. ಐಎಸ್ಒ ಗುಣಮಟ್ಟದ್ದೇ ಕೇಳಿ, 15 ಅಂಕಿ ಇರುತ್ತದೆ. ಅಕ್ಕಿಕಾಳಿನಷ್ಟು ಗಾತ್ರ, ಭುಜಗಳ ನಡುವೆ ಚರ್ಮದ ಕೆಳಗೆ ಹೋಗುತ್ತದೆ. ಆಮೇಲೆ ಸ್ಕ್ಯಾನರ್ ಆಡಿಸಿದಾಗ ಪರದೆ ಮೇಲೆ ಬರುವ ಸಂಖ್ಯೆಯನ್ನು ಫೋಟೋ ತೆಗೆದುಕೊಳ್ಳಿ. ಲಸಿಕೆ ಕಾರ್ಡ್, ಲ್ಯಾಬ್ ಫಾರಂ, ರಿಪೋರ್ಟ್, ಸರ್ಟಿಫಿಕೇಟ್ ಎಲ್ಲವನ್ನೂ ಆ ಫೋಟೋ ಜೊತೆ ಒಂದೊಂದೇ ಅಂಕಿ ಬೆರಳಿಟ್ಟು ಓದಿ. ನನ್ನ ಹತ್ತಿರ ಬಂದಿದ್ದ ಒಂದು ಬೆಕ್ಕಿನ ಲ್ಯಾಬ್ ಫಾರಂನಲ್ಲಿ 6 ಇದ್ದ ಕಡೆ ಯಾರೋ 9 ಬರೆದಿದ್ದರು. ಮನೆಯವರು ಟಿಕೆಟ್ ತೆಗೆದು, ಸಾಮಾನು ಕಟ್ಟಿದ ಮೇಲೆ ಅದು ಕಣ್ಣಿಗೆ ಬಿತ್ತು. ತಿದ್ದಿದ ರಿಪೋರ್ಟ್ ಬರುವ ತನಕ ಆ ಹುಡುಗಿ ದಿನಾ ಫೋನ್ ಮಾಡಿ ಅಳುತ್ತಿದ್ದಳು. ಅಂದಿನಿಂದ ನಾನು ಸ್ಕ್ಯಾನರ್ ಆಡಿಸದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ.

ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ, ಅಂದರೆ ಸೀರಂ, ಹೋಗಬೇಕಾದ್ದು ಯೂರೋಪಿಯನ್ ಯೂನಿಯನ್ ಒಪ್ಪಿದ ಲ್ಯಾಬ್‌ಗೇ. ಪಟ್ಟಿ ಅವರ ವೆಬ್‌ಸೈಟ್‌ನಲ್ಲಿದೆ. ಬೇರೆ ಲ್ಯಾಬ್‌ನ ರಿಪೋರ್ಟ್ ಎಷ್ಟೇ ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು.

ಪ್ರಶ್ನೆ: ಪಾಸಾದ ಮೇಲೂ ಮೂರು ತಿಂಗಳು ಯಾಕೆ ಡಾಕ್ಟ್ರೇ?

ಉತ್ತರ: ರೇಬೀಸ್ ವೈರಸ್ ಮೈಗೆ ಹೊಕ್ಕ ಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಲಸಿಕೆ ಹಾಕಿಸುವ ಮುಂಚೆಯೇ ಯಾವುದೋ ನಾಯಿ ಕಚ್ಚಿದ್ದರೆ, ರಕ್ತದಲ್ಲಿ ಪ್ರತಿಕಾಯ ಕಂಡರೂ ಒಳಗೆ ರೋಗ ಬೆಳೆಯುತ್ತಿರಬಹುದು. ಅದು ಹೊರಗೆ ಕಾಣಿಸಿಕೊಳ್ಳಲಿ ಅಂತ ಈ ಅವಧಿ. ನಮ್ಮ ಊರುಗಳಲ್ಲಿ ಈ ಕಾಯಿಲೆಯಿಂದ ಜನ ಸಾಯುವುದನ್ನು ಕಂಡಿರುವ ನಾನು ಈ ನಿಯಮವನ್ನು ದೂರಲಾರೆ. ಬೆಲ್ಲ ಬೀದಿಯಿಂದ ಬಂದ ಮರಿ, ಈ ಮೂರು ತಿಂಗಳು ದಯವಿಟ್ಟು ಹೊರಗೆ ಬಿಡಬೇಡಿ.

ಪ್ರಶ್ನೆ: ಎರಡು ಬೆಕ್ಕನ್ನು ನಾನೊಬ್ಬಳೇ ಒಯ್ಯಬಹುದಾ? ನನ್ನ ತಮ್ಮ ಸ್ಟುಟ್‌ಗಾರ್ಟ್‌ಗೆ ಓದಲು ಹೋಗುತ್ತಿದ್ದಾನೆ, ಏಪ್ರಿಲ್‌ಗೆ ಸೆಮಿಸ್ಟರ್ ಶುರು.

ಉತ್ತರ: ಕಾನೂನಿನ ಪ್ರಕಾರ ಒಬ್ಬರು ಐದರವರೆಗೆ ಒಯ್ಯಬಹುದು. ತೊಡಕು ಇರುವುದು ವಿಮಾನದಲ್ಲಿ. ಕ್ಯಾಬಿನ್‌ನಲ್ಲಿ ಸಾಮಾನ್ಯವಾಗಿ ಒಬ್ಬ ಪ್ರಯಾಣಿಕರಿಗೆ ಒಂದೇ ಬ್ಯಾಗ್. ಲುಫ್ತಾನ್ಸಾದಲ್ಲಿ ಬ್ಯಾಗ್ ಸೇರಿ 8 ಕಿಲೋ ಮಿತಿ, ಅದು ಸೀಟಿನ ಕೆಳಗೆ ಹಿಡಿಸಬೇಕು. ತಮ್ಮನನ್ನು ಮಾರ್ಚ್ ಕೊನೆಗೆ ನಿಮ್ಮ ವಿಮಾನದಲ್ಲೇ ಬುಕ್ ಮಾಡಿ, ಬೆಲ್ಲ ಅವನ ಕಾಲ ಕೆಳಗೆ ಬರಲಿ. ಕಾಗದದಲ್ಲಿ ಎರಡಕ್ಕೂ ಮಾಲೀಕರು ನೀವೇ ಆಗಿರಿ, ತಮ್ಮನಿಗೆ ಲಿಖಿತ ಅಧಿಕಾರ ಪತ್ರ ಕೊಡಿ. ಯಜಮಾನರ ಹೆಸರು ಹಾಕಿಸಬೇಡಿ. ಮಾಲೀಕರ ಪ್ರಯಾಣಕ್ಕೂ ಬೆಕ್ಕಿನ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರ ಬಿದ್ದರೆ ಅದು ವ್ಯಾಪಾರದ ಸಾಗಣೆಯ ನಿಯಮಕ್ಕೆ ಹೋಗುತ್ತದೆ. ಕ್ಯಾಬಿನ್‌ನಲ್ಲಿ ಪ್ರಾಣಿಗಳಿಗೆ ಜಾಗ ಕಡಿಮೆ, ಟಿಕೆಟ್ ಜೊತೆಯಲ್ಲೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಕೊನೆಯ ಹಂತ ಹೆಲ್ತ್ ಸರ್ಟಿಫಿಕೇಟ್. ಯೂರೋಪಿಯನ್ ಯೂನಿಯನ್‌ನ ಫಾರಂ, ಇಂಗ್ಲಿಷ್ ಮತ್ತು ಜರ್ಮನ್ ಎರಡೂ ಇರುವಂಥದ್ದು. ಹಳೆಯ ಪ್ರತಿ ಯಾರಿಂದಲೋ ತರಬೇಡಿ, ಹೊಸದನ್ನೇ ಇಳಿಸಿಕೊಳ್ಳಿ. ಎಕ್ಯೂಸಿಎಸ್ ಎಂದು ಎಲ್ಲರೂ ಕರೆಯುವ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿ ಬೆಂಗಳೂರಿನಲ್ಲೂ ಇದೆ. ಅಲ್ಲಿಯ ಅಧಿಕಾರಿಯ ಸಹಿ, ಮೊಹರು ಬೇಕು. ಸಹಿ ಬಿದ್ದ ಹತ್ತು ದಿನದೊಳಗೆ ನೀವು ಅಲ್ಲಿ ಇಳಿದಿರಬೇಕು, ಹಾಗಾಗಿ ಹೊರಡುವ ವಾರವೇ ಮಾಡಿಸಿ.

ನಿದ್ದೆ ಮಾತ್ರೆ ಮಾತ್ರ ಬೇಡ. ಮತ್ತಿನಲ್ಲಿರುವ ಬೆಕ್ಕಿನ ರಕ್ತದೊತ್ತಡ, ಉಸಿರಾಟ, ಮೈಬಿಸಿ ಯಾವುದೂ ಹತೋಟಿಯಲ್ಲಿರುವುದಿಲ್ಲ. ಅದರ ಬದಲು ಇವತ್ತೇ ಬ್ಯಾಗನ್ನು ಹಾಲ್‌ನಲ್ಲಿ ಬಾಯಿ ತೆರೆದು ಇಡಿ, ನೀವು ಉಟ್ಟು ಬಿಟ್ಟ ಹಳೇ ಕಾಟನ್ ಸೀರೆ ಮಡಚಿ ಹಾಸಿ, ಊಟದ ಬಟ್ಟಲನ್ನು ಅದರೊಳಗೇ ಕೊಡಿ. ನಾಲ್ಕು ತಿಂಗಳಲ್ಲಿ ಅದು ಅವರ ಮನೆಯಾಗುತ್ತದೆ. ವಿಮಾನ ನಿಲ್ದಾಣದ ಸೆಕ್ಯುರಿಟಿಯಲ್ಲಿ ಬೆಕ್ಕನ್ನು ಬ್ಯಾಗಿನಿಂದ ತೆಗೆದು ಕೈಯಲ್ಲಿ ಹಿಡಿದು ದಾಟಬೇಕು. ಮೈಗೆ ಸರಿಯಾಗಿ ಕೂರುವ ಹಾರ್ನೆಸ್ ಹಾಕಿರಿ, ಬಾಗಿಲು ಮುಚ್ಚುವ ಕೋಣೆಯಲ್ಲಿ ತಪಾಸಣೆ ಮಾಡಿ ಅಂತ ಕೇಳಿ.

ಇನ್ನೊಬ್ಬರ ಪ್ರಶ್ನೆ: ಸರ್, ನಾವು ಲಂಡನ್‌ಗೆ. ಇದೇ ನಿಯಮನಾ? ನಮ್ಮ ಅಕ್ಕ ಮೆಲ್ಬರ್ನ್‌ಗೆ ಬೆಕ್ಕು ಕರೆಸಿಕೊಳ್ಳಬೇಕು ಅಂತಿದ್ದಾಳೆ.

ಉತ್ತರ: ಲಂಡನ್‌ಗೂ ಚಿಪ್, ಲಸಿಕೆ, 30 ದಿನ, ರಕ್ತ, ಮೂರು ತಿಂಗಳು ಇದೇ ಕ್ರಮ. ಸರ್ಟಿಫಿಕೇಟ್ ಬ್ರಿಟನ್‌ನದ್ದು ಬೇರೆ. ಆದರೆ ಅಲ್ಲಿಗೆ ವಿಮಾನದಲ್ಲಿ ಬೆಕ್ಕು ಕಾರ್ಗೋ ಆಗಿಯೇ ಬರಬೇಕು, ನಿಮ್ಮ ಕಾಲ ಕೆಳಗೆ ಕೂರಿಸಿಕೊಂಡು ಇಳಿಯುವಂತಿಲ್ಲ. ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಏಜೆಂಟ್, ಹೀಥ್ರೋ ವಿಮಾನ ನಿಲ್ದಾಣದ ಪ್ರಾಣಿ ಕೇಂದ್ರದಲ್ಲಿ ತಪಾಸಣೆ ಎಲ್ಲ ಸೇರಿ ಖರ್ಚು ಜಾಸ್ತಿ. ಪರ್ಷಿಯನ್ ಥರ ಚಪ್ಪಟೆ ಮೂಗಿನ ಬೆಕ್ಕಾದರೆ ಮೊದಲು ನನಗೆ ತೋರಿಸಿ. ಅವಕ್ಕೆ ಉಸಿರಾಟವೇ ಕಷ್ಟ.

ಆಸ್ಟ್ರೇಲಿಯಾದ ವಿಷಯ ಬೇರೆ. ಭಾರತದಿಂದ ನೇರವಾಗಿ ಬೆಕ್ಕು ಅಲ್ಲಿಗೆ ಹೋಗುವಂತಿಲ್ಲ. ಅವರು ಒಪ್ಪಿದ ಬೇರೊಂದು ದೇಶದಲ್ಲಿ ತಿಂಗಳುಗಟ್ಟಲೆ ಇದ್ದು, ಅಲ್ಲಿಂದ ಹೋಗಬೇಕು. ಎಲ್ಲ ಸರಿಯಿದ್ದರೂ ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕನಿಷ್ಠ 10 ದಿನ ಕ್ವಾರಂಟೈನ್ ಖಂಡಿತ. ಬೆಕ್ಕಿಗೆ ವಯಸ್ಸಾಗಿದ್ದರೆ ಇಲ್ಲಿ ಮನೆಯವರ ಹತ್ತಿರವೇ ಇರಲಿ ಅಂತ ಅಕ್ಕನಿಗೆ ನಾನು ಹೇಳಿದೆ ಅನ್ನಿ. ಹೇಳಲು ನನಗೂ ಬೇಸರ.

ಪ್ರಶ್ನೆ (ಮೊದಲಿನವರು): ತುಂಬಾ ಥ್ಯಾಂಕ್ಸ್ ಡಾಕ್ಟ್ರೇ, ಈಗ ಉಸಿರು ಬಂತು. ಚುಕ್ಕಿ ತಿನ್ನುವ ಫುಡ್ ಒಂದು ಬ್ಯಾಗ್ ಒಯ್ಯಬಹುದಾ? ಅಲ್ಲಿ ಇಳಿದ ಮೇಲೆ ಇನ್ನೇನಾದರೂ ಇದೆಯಾ?

ಉತ್ತರ: ಫುಡ್ ಬೇಡ. ಹೊರದೇಶದ ಮಾಂಸ, ಹಾಲಿನ ಪದಾರ್ಥ ಅಲ್ಲಿ ಒಳಗೆ ಬಿಡುವುದಿಲ್ಲ. ಅಮ್ಮ ಡಬ್ಬಿಗೆ ತುಂಬಿಕೊಡುವ ತುಪ್ಪಕ್ಕೂ ಅದೇ ನಿಯಮ. ಅಲ್ಲಿ ಸಿಗುವ ಬ್ರ್ಯಾಂಡ್ ಯಾವುದೆಂದು ಯಜಮಾನರು ನೋಡಿ ಹೇಳಲಿ, ಅದು ಇಲ್ಲೂ ಸಿಕ್ಕರೆ ಫೆಬ್ರವರಿಯಿಂದಲೇ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಿ. ಮ್ಯೂನಿಕ್‌ನಲ್ಲಿ ಇಳಿದ ಕೂಡಲೇ ಕಸ್ಟಮ್ಸ್‌ನ ಕೆಂಪು ಚಾನೆಲ್‌ಗೆ ಹೋಗಿ ಕಾಗದ ತೋರಿಸಿ, ಅವರು ಸ್ಕ್ಯಾನರ್ ಆಡಿಸಿ ಬಿಡುತ್ತಾರೆ. ಹಸಿರಿನಲ್ಲಿ ನುಸುಳಬೇಡಿ.

ಯಜಮಾನರು ಮನೆ ನೋಡುವಾಗ ಬೆಕ್ಕು ಇದೆ ಅಂತ ಮೊದಲೇ ಹೇಳಲಿ. ಕಿಟಕಿಗಳನ್ನೂ ನೋಡಲಿ. ಜರ್ಮನಿಯ ಕಿಟಕಿಯನ್ನು ಮೇಲ್ಭಾಗ ಮಾತ್ರ ಒಳಗೆ ವಾಲುವ ಹಾಗೂ ತೆರೆಯಬಹುದು, ನಮ್ಮ ಹಾಗೆ ಸರಳು ಇರುವುದಿಲ್ಲ. ಬೆಕ್ಕು ಆ ಸಂದಿಯಲ್ಲಿ ತೂರಲು ಹಾರಿ, ಕೆಳಗೆ ಜಾರಿ, ಸೊಂಟ ಸಿಕ್ಕಿಕೊಂಡು ಸಾಯಬಹುದು. ಅದಕ್ಕೆಂದೇ ಬದಿಗೆ ಹಾಕುವ ಜಾಲರಿ ಅಲ್ಲಿಯ ಅಂಗಡಿಗಳಲ್ಲಿ ಸಿಗುತ್ತದೆ. ಚುಕ್ಕಿ, ಬೆಲ್ಲ ಬರುವ ಮುಂಚೆಯೇ ಅದನ್ನು ಹಾಕಿಸಿರಲಿ. ಹತ್ತನೇ ತಾರೀಕು ಚಿಪ್ ಆದ ಮೇಲೆ ಆ ಸಂಖ್ಯೆಯ ಫೋಟೋ ನನಗೂ ಕಳಿಸಿ.