ಡಿಸ್ಕ್ ಪರ್ಮಿಷನ್ ದುರಸ್ತಿ: ಹಳೆಯ ಮ್ಯಾಕ್‌ಬುಕ್‌ನಲ್ಲಿ ಮತ್ತೆ ಮತ್ತೆ ಬರುವ ಎಚ್ಚರಿಕೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆಯಲ್ಲಿ 2009ರ ಬಿಳಿ ಮ್ಯಾಕ್‌ಬುಕ್ ಇದೆ, ಅದರಲ್ಲಿ ಸ್ನೋ ಲೆಪರ್ಡ್ 10.6 ಎಂಬ ಆಪರೇಟಿಂಗ್ ಸಿಸ್ಟಮ್ ಇದೆ. ಈಚೆಗೆ ಯಾವ ಕಡತ ತೆರೆದರೂ ಬಣ್ಣದ ಚಕ್ರ ಬಹಳ ಹೊತ್ತು ಸುತ್ತುತ್ತದೆ. ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸುವ ಡಿಸ್ಕ್ ಯುಟಿಲಿಟಿಯಲ್ಲಿ ‘ರಿಪೇರ್ ಡಿಸ್ಕ್ ಪರ್ಮಿಷನ್ಸ್’ ಒತ್ತಿದರೆ, ಎಆರ್‌ಡಿ ಏಜೆಂಟ್ ಎಂಬ ಎಸ್‌ಯುಐಡಿ ಕಡತ ಬದಲಾಗಿದೆ, ಅದನ್ನು ದುರಸ್ತಿ ಮಾಡುವುದಿಲ್ಲ ಎಂಬ ಎಚ್ಚರಿಕೆ ಪ್ರತಿ ಸಲವೂ ಬರುತ್ತದೆ. ಹಳೆಯ ಕಂಪ್ಯೂಟರಿನಿಂದ ತಂದ ಫೋಟೊ ಫೋಲ್ಡರಿಗೆ ಹೊಸ ಚಿತ್ರ ಸೇರಿಸಲು ಅನುಮತಿಯೂ ಸಿಗುತ್ತಿಲ್ಲ. ಇದು ವೈರಸ್ಸೇ?

ಉತ್ತರ: ವೈರಸ್ ಅಲ್ಲ. ಎಆರ್‌ಡಿ ಏಜೆಂಟ್ ಎಂಬುದು ದೂರದಿಂದ ಕಂಪ್ಯೂಟರನ್ನು ನಿರ್ವಹಿಸಲು ಆಪಲ್ ಕಂಪನಿಯೇ ಇಟ್ಟಿರುವ ಪ್ರೋಗ್ರಾಮ್. ಯಾರು ಓಡಿಸಿದರೂ ತನ್ನ ಮಾಲೀಕರ ಹಕ್ಕಿನಲ್ಲೇ ಕೆಲಸ ಮಾಡುವ ಕಡತವನ್ನು ಎಸ್‌ಯುಐಡಿ ಕಡತ ಎನ್ನುತ್ತಾರೆ. ಅದರಲ್ಲಿ 2008ರಲ್ಲಿ ಒಂದು ಭದ್ರತಾ ದೋಷ ಕಂಡುಬಂದದ್ದು ನಿಜ, ಆದರೆ ಅದನ್ನು ಆ ವರ್ಷವೇ ಸರಿಪಡಿಸಲಾಯಿತು. ನೀವು ಹೇಳಿದ ಎಚ್ಚರಿಕೆಯನ್ನು ಕಡೆಗಣಿಸಬಹುದೆಂದು ಆಪಲ್ ಸ್ವತಃ ತಿಳಿಸಿತ್ತು.

‘ರಿಪೇರ್ ಡಿಸ್ಕ್ ಪರ್ಮಿಷನ್ಸ್’ ಮಾಡುವ ಕೆಲಸ ಬಹಳ ಸೀಮಿತವಾದದ್ದು. ವ್ಯವಸ್ಥೆಯ ಕಡತಗಳನ್ನು ಅಳವಡಿಸುವಾಗ ಯಾರಿಗೆ ಓದುವ, ಯಾರಿಗೆ ಬರೆಯುವ ಹಕ್ಕಿರಬೇಕೆಂದು ದಾಖಲೆಯಾಗಿರುತ್ತದೆ. ಈಗಿನ ಸ್ಥಿತಿಯನ್ನು ಆ ದಾಖಲೆಯೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದಲ್ಲಿ ಮೊದಲಿನಂತೆ ಮಾಡುವುದಷ್ಟೇ ಅದರ ಹೊಣೆ. ನಿಮ್ಮ ಫೋಟೊಗಳಿಗೆ ಅಂಥ ದಾಖಲೆಯೇ ಇಲ್ಲದ ಕಾರಣ ಎಷ್ಟು ಸಲ ಒತ್ತಿದರೂ ಆ ಫೋಲ್ಡರ್ ಸರಿಹೋಗದು. ಫೋಲ್ಡರನ್ನು ಆಯ್ದು ಕಮಾಂಡ್ ಮತ್ತು ಐ ಒತ್ತಿ, ಕೆಳಗಿನ ಬೀಗ ತೆರೆದು, ನಿಮ್ಮ ಹೆಸರಿಗೆ ‘ರೀಡ್ ಅಂಡ್ ರೈಟ್’ ಕೊಟ್ಟು, ಒಳಗಿನವಕ್ಕೂ ಅದನ್ನೇ ಅನ್ವಯಿಸಿ. ಇದನ್ನು ಆ ಫೋಲ್ಡರಿಗೆ ಮಾತ್ರ ಮಾಡಿ. ಇಡೀ ಡಿಸ್ಕಿಗೆ ಅನ್ವಯಿಸಿದರೆ ಕಂಪ್ಯೂಟರ್ ಶುರುವಾಗದೇ ಹೋಗಬಹುದು.

ನನಗೆ ಚಿಂತೆಯಿರುವುದು ನಿಧಾನದ ಬಗ್ಗೆ. ದಯವಿಟ್ಟು ಅದೇ ಡಿಸ್ಕ್ ಯುಟಿಲಿಟಿಯಲ್ಲಿ ‘ವೆರಿಫೈ ಡಿಸ್ಕ್’ ಒತ್ತಿ, ಏನು ಬರುತ್ತದೆಂದು ತಿಳಿಸಿ.

ಪ್ರಶ್ನೆ: ಫೋಲ್ಡರ್ ಸರಿಯಾಯಿತು, ಧನ್ಯವಾದಗಳು ಸರ್. ಆದರೆ ‘ಇನ್‌ವ್ಯಾಲಿಡ್ ನೋಡ್ ಸ್ಟ್ರಕ್ಚರ್’ ಎಂದು ಕೆಂಪಕ್ಷರದಲ್ಲಿ ಬಂದಿದೆ, ಒಳಗಿನಿಂದ ಆಗಾಗ ಟಿಕ್ ಟಿಕ್ ಸದ್ದೂ ಕೇಳುತ್ತಿದೆ.

ಉತ್ತರ: ಹಾಗಿದ್ದರೆ ಬೇರೆಲ್ಲ ಕೆಲಸ ನಿಲ್ಲಿಸಿ, ಮೊದಲು ಫೋಟೊಗಳನ್ನೂ ಮುಖ್ಯ ಕಡತಗಳನ್ನೂ ಹೊರಗಿನ ಡ್ರೈವಿಗೆ ನಕಲು ಮಾಡಿಕೊಳ್ಳಿ. ಯಾವ ಕಡತ ಎಲ್ಲಿದೆ ಎಂದು ಡಿಸ್ಕ್ ಬರೆದಿಟ್ಟುಕೊಂಡ ಪಟ್ಟಿಯೇ ಕೆಟ್ಟಿದೆ ಎಂಬುದು ಆ ಸಂದೇಶದ ಅರ್ಥ. ದುರಸ್ತಿಯ ಯತ್ನದಲ್ಲೇ ಉಳಿದದ್ದೂ ಕೈತಪ್ಪಬಹುದು.

ನಕಲು ಮುಗಿದ ಮೇಲೆ ಸ್ನೋ ಲೆಪರ್ಡಿನ ಡಿವಿಡಿ ಹಾಕಿ, ಸಿ ಕೀಲಿ ಒತ್ತಿ ಹಿಡಿದು ಕಂಪ್ಯೂಟರ್ ಶುರುಮಾಡಿ, ಮೇಲಿನ ಮೆನುವಿನಿಂದ ಡಿಸ್ಕ್ ಯುಟಿಲಿಟಿ ತೆರೆದು ‘ರಿಪೇರ್ ಡಿಸ್ಕ್’ ಒತ್ತಿ. ಚಾಲ್ತಿಯಲ್ಲಿರುವ ಡಿಸ್ಕನ್ನು ಅದರೊಳಗಿನಿಂದಲೇ ದುರಸ್ತಿ ಮಾಡಲಾಗದು, ಅದಕ್ಕೇ ಡಿವಿಡಿ ಬೇಕು. ಅಲ್ಲಿಯೇ ಕೆಳಗೆ ‘ಸ್ಮಾರ್ಟ್ ಸ್ಟೇಟಸ್’, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ, ಕಾಣುತ್ತದೆ. ಅದು ‘ಫೇಲಿಂಗ್’ ಎಂದಿದ್ದರೆ ಡಿಸ್ಕ್ ಬದಲಿಸಲೇಬೇಕು. ‘ವೆರಿಫೈಡ್’ ಎಂದಿದ್ದರೂ ಆ ಸದ್ದು ಇರುವಾಗ ನಾನು ಅದನ್ನು ನಂಬುವುದಿಲ್ಲ. ಈ ಮಾದರಿಗೆ ಸಾಮಾನ್ಯ 2.5 ಇಂಚಿನ ಸಾಟಾ (ಡ್ರೈವ್ ಜೋಡಿಸುವ ಒಂದು ಬಗೆ) ಡ್ರೈವ್ ಹೊಂದುತ್ತದೆ, ಆದ್ದರಿಂದ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯನ್ನೇ ಹಾಕಿಸಿ, ಅದೇ ಡಿವಿಡಿಯಿಂದ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸಿ.