ಅಮೆರಿಕದ ಆಡಿಯೋ ಸೆಟ್ ಉಡುಪಿಯಲ್ಲಿ ನಡೆಯುತ್ತದಾ?

ಕಲ್ಸಂಕದವ:
ಅಣ್ಣ ಬರುವ ತಿಂಗಳು ಅಮೆರಿಕ ಬಿಟ್ಟು ಊರಿಗೇ ಬರ್ತಿದ್ದಾನೆ. ಅವನ ರಿಸೀವರ್ (ಸ್ಪೀಕರಿಗೆ ಸದ್ದು ಕೊಡುವ ಪೆಟ್ಟಿಗೆ), ಸ್ಪೀಕರ್, ಎಲ್‌ಪಿ ಪ್ಲೇಯರ್ ಎಲ್ಲ ತರ್ತಾನಂತೆ. ಅಪ್ಪನ ಹಳೇ ಪ್ಲೇಟುಗಳು ಎಷ್ಟೋ ವರ್ಷದಿಂದ ಕಪಾಟಿನಲ್ಲೇ ಉಂಟು, ಅವನ್ನು ಅಪ್ಪನಿಗೆ ಮತ್ತೆ ಕೇಳಿಸಬೇಕು ಅಂತ ನಮ್ಮಿಬ್ಬರಿಗೂ ಆಸೆ. ಆದರೆ ಅಲ್ಲಿ 120 ವೋಲ್ಟ್, ಇಲ್ಲಿ 230. ಪಿನ್ ಬದಲಿಸುವ ಅಡಾಪ್ಟರ್ ಹಾಕಿದರೆ ಸಾಕಾ?

ಸುರತ್ಕಲ್ ರೇಡಿಯೋ:
ಸಾಕಾಗುವುದಿಲ್ಲ ಮಾರಾಯ್ರೆ, ಅದೊಂದು ಮಾಡ್ಬೇಡಿ. ಆ ಅಡಾಪ್ಟರ್ ಪಿನ್ ಮಾತ್ರ ಬದಲಿಸುವುದು, ವೋಲ್ಟೇಜ್ ಅಲ್ಲ. ನಮ್ಮ ಮಾವ ಸೌದಿಯಿಂದ ಕ್ಯಾಸೆಟ್ ಡೆಕ್ ತಂದಿದ್ದರು, ಆಗ ಅಲ್ಲಿಯ ಮನೆಗಳಲ್ಲಿ 127 ವೋಲ್ಟ್. ಡೆಕ್ಕಿನ ಹಿಂಬದಿಯ ವೋಲ್ಟೇಜ್ ಬದಲಿಸುವ ಸ್ವಿಚ್ ನೋಡದೆ ನಾನು ಸೀದಾ ಪ್ಲಗ್ ಹಾಕಿದೆ. ಟಪ್ ಅಂತ ಒಂದು ಸದ್ದು. ಫ್ಯೂಸಿನ ಗಾಜು ಒಳಗೆಲ್ಲ ಕಪ್ಪು, ವಾರ್ನಿಷ್ ಸುಟ್ಟ ವಾಸನೆ ಎರಡು ದಿನ ಕೋಣೆಯಿಂದ ಹೋಗಲಿಲ್ಲ. ಮಾವ ಏನೂ ಹೇಳಲಿಲ್ಲ, ಅದೇ ನನಗೆ ಜಾಸ್ತಿ ಬೇಜಾರು.

ಮೊದಲು ಹಿಂದಿನ ಲೇಬಲ್‌ನ ಫೋಟೋ ತರಿಸಿ. 100-240 ಅಂತ ಇದ್ದರೆ ಪಿನ್ ಬದಲಿಸಿದರೆ ಆಯ್ತು. ಬರೀ 120 ಇದ್ದರೆ 230 ಅನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ರಿಸೀವರ್ 300 ವ್ಯಾಟ್ ಎಳೆಯುವುದಾದರೆ 500 ವಿಎಯದ್ದು ತೆಗೊಳ್ಳಿ (ವಿಎ ಅಂದ್ರೆ ಟ್ರಾನ್ಸ್‌ಫಾರ್ಮರ್ ಹೊರುವ ಲೋಡಿನ ಅಳತೆ), ಲೆಕ್ಕಕ್ಕೆ ಸರಿಯಾಗಿ ಸಣ್ಣದು ತಂದರೆ ಬಿಸಿಯಾಗ್ತದೆ. ಅದನ್ನು ಪ್ಲೇಯರ್ ಪಕ್ಕ ಇಡಬೇಡಿ, ಗುಂಯ್ ಅಂತ ಸದ್ದು ಸೇರಿಕೊಳ್ತದೆ. ಮತ್ತೆ ನಮ್ಮಲ್ಲಿ ಗುಡುಗು ಶುರುವಾದರೆ ಪ್ಲಗ್ ಕಿತ್ತೇ ಇಡಿ.

ಮಣಿಪಾಲದ ಶ್ರೋತೃ:
ಪ್ಲೇಯರ್ ವಿಷಯದಲ್ಲಿ ಇನ್ನೊಂದು ಉಂಟು. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 60 ಸಲ ಹಿಂದೆ ಮುಂದೆ ಆಗುವುದು, ಇಲ್ಲಿ 50. ಟ್ರಾನ್ಸ್‌ಫಾರ್ಮರ್ ಇದನ್ನು ಬದಲಿಸುವುದಿಲ್ಲ. ರಿಸೀವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೆ ಹಳೇ ಬೆಲ್ಟ್ ಪ್ಲೇಯರುಗಳಲ್ಲಿ ಮನೆಯ ಕರೆಂಟಿನಲ್ಲೇ ಸೀದಾ ಓಡುವ ಎಸಿ ಮೋಟಾರ್ ಇದ್ದರೆ ಅದು ಕರೆಂಟಿನ ಹರ್ಟ್ಸ್ ಹಿಡಿದೇ ತಿರುಗುವುದು. ನಿಮಿಷಕ್ಕೆ 33 ಸುತ್ತು ಬರಬೇಕಾದ್ದು 28ಕ್ಕೆ ಇಳಿಯುತ್ತದೆ. ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಸೇರಿಸಿ ಮೂರು ಮನೆ ಕೆಳಗೆ ಹಾಡಿದ ಹಾಗೆ! ನಿಮ್ಮ ಅಪ್ಪನಿಗೆ ಮೊದಲ ಸಾಲಿನಲ್ಲೇ ಗೊತ್ತಾಗ್ತದೆ, ಅಲ್ವಾ? ಕೆಲವು ಮಾಡೆಲಿಗೆ 50 ಹರ್ಟ್ಸಿನ ಪುಲ್ಲಿ (ಬೆಲ್ಟ್ ಎಳೆಯುವ ಸಣ್ಣ ಚಕ್ರ) ಸಿಗುತ್ತದೆ, ಅದು ವೇಗ ಸರಿ ಮಾಡ್ತದೆ. ಡಿಸಿ ಮೋಟಾರ್ ಆದರೆ ಈ ಚಿಂತೆಯೇ ಇಲ್ಲ.

ಕಲ್ಸಂಕದವ:
ಅಣ್ಣ ಫೋಟೋ ಕಳಿಸಿದ. ಪ್ಲೇಯರಿಗೆ ಕರೆಂಟ್ ಕೊಡುವ ಸಣ್ಣ ಅಡಾಪ್ಟರ್, ಅದರಲ್ಲಿ 100-240 ವೋಲ್ಟ್, 50/60 ಹರ್ಟ್ಸ್, ಔಟ್‌ಪುಟ್ 12 ವೋಲ್ಟ್ ಡಿಸಿ ಅಂತ ಉಂಟು. ರಿಸೀವರ್ ಬರೀ 120, ಸ್ವಿಚ್ಚೂ ಇಲ್ಲ. ಸ್ಪೀಕರಿಗೆ ಕರೆಂಟಿನ ವಯರೇ ಇಲ್ಲವಲ್ಲ, ಅದನ್ನು ತರಬಹುದಾ?

ಸುರತ್ಕಲ್ ರೇಡಿಯೋ:
ಸ್ಪೀಕರ್ ಧಾರಾಳ ತರಲಿ, ಆ ಅಡಾಪ್ಟರಿನ ಪ್ಲೇಯರೂ ಪಿನ್ ಬದಲಿಸಿದರೆ ಇಲ್ಲಿ ನಡೀತದೆ. ರಿಸೀವರ್ ಅಲ್ಲೇ ಮಾರಿ ಇಲ್ಲಿ 230ರದ್ದು ತೆಗೊಳ್ಳಿ, ಅಷ್ಟು ಭಾರ ಹೊತ್ತು ತಂದು ಮೇಲೆ ಟ್ರಾನ್ಸ್‌ಫಾರ್ಮರ್ ಬೇರೆ ಯಾಕೆ? ಹೊಸದರಲ್ಲಿ ಫೋನೋ ಇನ್‌ಪುಟ್ (ಎಲ್‌ಪಿ ಪ್ಲೇಯರ್ ಜೋಡಿಸುವ ಜಾಗ) ಉಂಟಾ ನೋಡಿಯೇ ದುಡ್ಡು ಕೊಡಿ.

ಕಲ್ಸಂಕದವ:
ಹಾಗೇ ಹೇಳಿದೆ ಅಣ್ಣನಿಗೆ. ಅಪ್ಪ ಈಗಲೇ ಪ್ಲೇಟುಗಳ ಧೂಳು ಒರೆಸ್ತಾ ಕೂತಿದ್ದಾರೆ.